ಮಾಣಿಗಳನ್ನು ನಿಲ್ಲಿಸಿಕೊಂಡ ಹೋಟೆಲಿಗ ಫ್ರೆಡ್ ಹಾರ್ವೆ

ಹೋಟೆಲ್ ನಡೆಸುವವರು ನಾಲ್ಕು ಮಂದಿ ಸೇರಿದರೆ ಮೊದಲು ಕೇಳಿಬರುವ ದೂರು ಒಂದೇ: ಕೆಲಸಕ್ಕೆ ಸೇರಿದವರು ನಿಲ್ಲುವುದಿಲ್ಲ. ಪಾತ್ರೆ ತೊಳೆಯುವವರಿಂದ ಹಿಡಿದು ಬಾಣಸಿಗರವರೆಗೆ, ಕೆಲಸ ಕೈಗೆ ಹತ್ತುವ ಹೊತ್ತಿಗೆ ಬೇರೊಂದು ಹೋಟೆಲಿನ ದಾರಿ ಹಿಡಿದಿರುತ್ತಾರೆ. ಈ ದೂರಿಗೆ ನೂರಾರು ವರ್ಷಗಳ ವಯಸ್ಸಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪಶ್ಚಿಮ ಭಾಗದ ರೈಲು ನಿಲ್ದಾಣಗಳಲ್ಲಿ ಉಪಾಹಾರ ಗೃಹಗಳ ಸರಪಣಿಯನ್ನೇ ಕಟ್ಟಿದ ಫ್ರೆಡ್ ಹಾರ್ವೆ ಈ ಸಮಸ್ಯೆಗೆ ಕಂಡುಕೊಂಡ ಪರಿಹಾರ ಇಂದಿಗೂ ಚರ್ಚೆಗೆ ಅರ್ಹವಾದುದು. ಅದರಲ್ಲಿ ಮೆಚ್ಚತಕ್ಕದ್ದು ಬಹಳಷ್ಟಿದೆ, ಮೆಚ್ಚಲಾಗದ್ದೂ ಇದೆ.

ಹಾರ್ವೆ ಜನಿಸಿದ್ದು 1835ರಲ್ಲಿ, ಲಂಡನ್ನಿನಲ್ಲಿ. ಹದಿನೇಳರ ಹರೆಯದಲ್ಲಿ, 1853ರಲ್ಲಿ, ಹಡಗು ಹತ್ತಿ ನ್ಯೂಯಾರ್ಕಿಗೆ ಬಂದರು. ಅಲ್ಲಿನ ಹೋಟೆಲೊಂದರಲ್ಲಿ ಸಿಕ್ಕ ಮೊದಲ ಕೆಲಸ ತಟ್ಟೆ ತೊಳೆಯುವುದು. ಮುಂದೆ ದಕ್ಷಿಣದ ನ್ಯೂ ಆರ್ಲಿಯನ್ಸಿಗೆ, ಅಲ್ಲಿಂದ ಸೇಂಟ್ ಲೂಯಿಸ್‌ಗೆ ಸರಿದರು. ಸೇಂಟ್ ಲೂಯಿಸ್‌ನಲ್ಲಿ ಪಾಲುದಾರಿಕೆಯಲ್ಲಿ ಸ್ವಂತ ಹೋಟೆಲನ್ನೂ ತೆರೆದರು. ಆದರೆ ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಪಕ್ಷಪಾತಿಯಾಗಿದ್ದ ಪಾಲುದಾರ ಗಲ್ಲಾದಲ್ಲಿದ್ದ ಹಣದೊಂದಿಗೆ ಹೊರಟುಹೋದ. ಹೋಟೆಲ್ ಮುಚ್ಚಿತು. ಸಾಲದ್ದಕ್ಕೆ ವಿಷಮಶೀತ ಜ್ವರವೂ ಹಿಡಿಯಿತು. ಅನಂತರದ ವರ್ಷಗಳಲ್ಲಿ ಹಾರ್ವೆ ರೈಲ್ವೆಯ ನೌಕರಿ ಹಿಡಿದು ಓಡುವ ರೈಲಿನಲ್ಲಿ ಅಂಚೆ ವಿಂಗಡಿಸಿದರು. ಬಳಿಕ ಕನ್ಸಾಸ್‌ನ ಲೆವೆನ್‌ವರ್ತ್ ಊರಿನಲ್ಲಿ ನೆಲೆಸಿ ಸರಕು ಸಾಗಣೆಯ ಏಜೆಂಟರಾದರು.

ಈ ನೌಕರಿಯೇ ಅವರನ್ನು ಮತ್ತೆ ಹೋಟೆಲಿಗೆ ಎಳೆದು ತಂದಿತು. ಆಗಿನ ರೈಲುಗಳಲ್ಲಿ ಊಟದ ಬೋಗಿ ಅಪರೂಪ. ಗಾಡಿ ನಿಂತ ಅರ್ಧ ಗಂಟೆಯೊಳಗೆ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ತಿಂದು ಓಡಬೇಕು. ತಣ್ಣಗಾದ ಮಾಂಸ, ಕಹಿಯಾದ ಕಾಫಿ. ಮುಂಗಡ ಹಣ ಕೊಟ್ಟು ಕುಳಿತ ಪ್ರಯಾಣಿಕನ ಮುಂದೆ ತಟ್ಟೆ ಬರುವಷ್ಟರಲ್ಲಿ ರೈಲು ಶಿಳ್ಳೆ ಹಾಕುತ್ತಿತ್ತು. ಮುಟ್ಟದೆ ಬಿಟ್ಟ ಆಹಾರ ಮುಂದಿನ ಗಾಡಿಯವರಿಗೆ ಬಡಿಸಲ್ಪಡುತ್ತಿತ್ತು. ನಿತ್ಯ ಈ ಹಾದಿಯಲ್ಲಿ ಅಲೆದ ಹಾರ್ವೆಗೆ ಅದು ಸಾಕುಸಾಕಾಗಿತ್ತು. ತಾವು ಕೆಲಸ ಮಾಡುತ್ತಿದ್ದ ರೈಲ್ವೆ ಕಂಪೆನಿ ಅವರ ಯೋಜನೆಯನ್ನು ಒಪ್ಪಲಿಲ್ಲ. ಸ್ಯಾಂಟಾ ಫೆ ರೈಲ್ವೆ ಒಪ್ಪಿತು. ಜಾಗ ಮತ್ತು ಸಾಮಾನು ಸಾಗಣೆ ರೈಲ್ವೆಯದು. ಅಡುಗೆ, ನೌಕರರು, ಲಾಭ ಹಾರ್ವೆಯದು. 1876ರಲ್ಲಿ ಟೊಪೀಕಾ ನಿಲ್ದಾಣದಲ್ಲಿ ಮೊದಲ ಉಪಾಹಾರ ಗೃಹ ತೆರೆಯಿತು. ಎರಡೇ ವರ್ಷದಲ್ಲಿ ಫ್ಲಾರೆನ್ಸ್ ಎಂಬ ಪುಟ್ಟ ಊರಿನಲ್ಲಿ ಹೋಟೆಲ್ ತೆರೆದಾಗ ಚಿಕಾಗೋದ ಹೆಸರಾಂತ ಪಾಮರ್ ಹೌಸ್‌ನ ಬಾಣಸಿಗನನ್ನೇ ದೊಡ್ಡ ಸಂಬಳ ಕೊಟ್ಟು ಕರೆತಂದರು.

ಬಾಣಸಿಗ ಬಂದ. ಬಡಿಸುವವರು ಎಲ್ಲಿಂದ ಬರಬೇಕು? ರೈಲು ಹಳಿ ಪಶ್ಚಿಮಕ್ಕೆ ಸಾಗಿದಂತೆ ಹಾರ್ವೆಯ ಹೋಟೆಲುಗಳೂ ಬಟ್ಟಬಯಲಿಗೆ, ಗಣಿಗಾರರ ಶಿಬಿರಗಳ ನಡುವೆ ಸಾಗಿದವು. ಅಂಥ ಕಡೆ ಸಿಗುತ್ತಿದ್ದ ಗಂಡಾಳುಗಳಲ್ಲಿ ಅನೇಕರು ಕುಡಿದು ಬರುತ್ತಿದ್ದರು, ಹಲವರು ಸಂಬಳ ಪಡೆದ ಮರುದಿನವೇ ನಾಪತ್ತೆಯಾಗುತ್ತಿದ್ದರು. 1883ರಲ್ಲಿ ನ್ಯೂ ಮೆಕ್ಸಿಕೋದ ರಾಟನ್ ಹೋಟೆಲಿನಲ್ಲಿ ಮಾಣಿಗಳೂ ಸ್ಥಳೀಯರೂ ಹೊಡೆದಾಡಿಕೊಂಡಾಗ ಹಾರ್ವೆ ಅಲ್ಲಿನ ಸಿಬ್ಬಂದಿಯನ್ನು ಕಿತ್ತುಹಾಕಿದರು. ಹೊಸ ವ್ಯವಸ್ಥಾಪಕ ಟಾಮ್ ಗೇಬಲ್ ಒಂದು ಸಲಹೆ ಕೊಟ್ಟರು. ಬಡಿಸುವ ಕೆಲಸಕ್ಕೆ ಪೂರ್ವದ ಊರುಗಳಿಂದ ಯುವತಿಯರನ್ನು ಕರೆಸಬೇಕು ಎಂಬುದೇ ಆ ಸಲಹೆ. ಜಗಳದಲ್ಲಿ ಕೆಲಸ ಕಳೆದುಕೊಂಡ ಮಾಣಿಗಳು ಕಪ್ಪು ಜನಾಂಗದವರು; ಅವರ ಜಾಗಕ್ಕೆ ಬಂದವರು ಬಿಳಿಯ ಹೆಣ್ಣುಮಕ್ಕಳು ಮಾತ್ರ. ಹಾರ್ವೆಯ ಯಶಸ್ಸಿನ ಕಥೆ ಹೇಳುವಾಗ ಈ ಸಂಗತಿಯನ್ನು ಮರೆಯುವವರೇ ಹೆಚ್ಚು.

ಪತ್ರಿಕೆಗಳಲ್ಲಿ ಜಾಹೀರಾತು ಬಂತು. ಹದಿನೆಂಟರಿಂದ ಮೂವತ್ತು ವರ್ಷದೊಳಗಿನ, ಸನ್ನಡತೆಯ, ಓದುಬರಹ ಬಲ್ಲ ಅವಿವಾಹಿತ ಯುವತಿಯರು ಬೇಕು. ಸಂಬಳ ತಿಂಗಳಿಗೆ 17.50 ಡಾಲರ್. ಟಿಪ್ಸ್, ಊಟ, ವಸತಿ ಪ್ರತ್ಯೇಕ. ಮನೆಯಿಂದ ಹೊರಗೆ ಹೆಣ್ಣಿಗೆ ಮರ್ಯಾದೆಯ ಕೆಲಸವೆಂದರೆ ಶಿಕ್ಷಕಿಯದು, ಇಲ್ಲವೆ ಮನೆಗೆಲಸ ಎಂಬಂತಿದ್ದ ಕಾಲವದು. ಹೋಟೆಲಿನ ಪರಿಚಾರಿಕೆ ಎಂದರೆ ಜನ ಮೂಗು ಮುರಿಯುತ್ತಿದ್ದರು. ಹಾರ್ವೆ ಮೊದಲು ಆ ಹೆಸರನ್ನೇ ಬದಲಿಸಿದರು. ಅವರ ಹೋಟೆಲಿನಲ್ಲಿ ಬಡಿಸುವವರು ಪರಿಚಾರಿಕೆಯರಲ್ಲ, ಹಾರ್ವೆ ಗರ್ಲ್ಸ್. ಕಪ್ಪು ನಿಲುವಂಗಿ, ಗಂಜಿ ಹಾಕಿದ ಬಿಳಿ ಏಪ್ರನ್. ಹೋಟೆಲಿನ ಪಕ್ಕದಲ್ಲೇ ವಸತಿ ನಿಲಯ, ಅದಕ್ಕೊಬ್ಬ ಮೇಲ್ವಿಚಾರಕಿ, ರಾತ್ರಿ ಹತ್ತಕ್ಕೆ ಬಾಗಿಲು ಬಂದ್. ಮಗಳನ್ನು ಸಾವಿರ ಮೈಲಿ ದೂರಕ್ಕೆ ಕಳುಹಿಸುವ ತಂದೆತಾಯಿಗಳಿಗೆ ಈ ಬಾಗಿಲೇ ಧೈರ್ಯ ತುಂಬಿತು.

ನೌಕರರನ್ನು ಉಳಿಸಿಕೊಳ್ಳುವ ವಿಷಯದಲ್ಲಿ ಹಾರ್ವೆಯ ಜಾಣತನ ಕಾಣುವುದು ಸಂಬಳಕ್ಕಿಂತ ಹೆಚ್ಚಾಗಿ ಸುತ್ತಲಿನ ಏರ್ಪಾಡಿನಲ್ಲಿ. ಸೇರಿದ ಪ್ರತಿಯೊಬ್ಬಳಿಗೂ ತರಬೇತಿ. ಒಂದೇ ಊರಿನಲ್ಲಿ ಬೇಸರ ಬಂದರೆ ಕೆಲಸ ಬಿಡಬೇಕಿಲ್ಲ. ಮುಂದಿನ ನಿಲ್ದಾಣದ ಹೋಟೆಲಿಗೆ ವರ್ಗಾವಣೆ ಕೇಳಬಹುದು. ಕರಾರು ಮುಗಿಸಿದವರಿಗೆ ಊರಿಗೆ ಹೋಗಿಬರಲು ರೈಲ್ವೆಯ ಉಚಿತ ಪಾಸು. ಚುರುಕಾದವರಿಗೆ ಮುಖ್ಯ ಪರಿಚಾರಿಕೆಯ ಹುದ್ದೆ. ಇದರ ಜೊತೆಗೆ ಎಲ್ಲ ಹೋಟೆಲುಗಳಲ್ಲಿ ಒಂದೇ ಕ್ರಮ. ಮುಂದಿನ ಗಾಡಿಯಲ್ಲಿ ಎಷ್ಟು ಮಂದಿ ಊಟಕ್ಕೆ ಇಳಿಯುತ್ತಾರೆಂಬುದು ತಂತಿ ಮೂಲಕ ಮೊದಲೇ ತಿಳಿಯುತ್ತಿತ್ತು. ಒಬ್ಬಳು ಬೇಡಿಕೆ ಕೇಳಿ ಬಟ್ಟಲನ್ನು ಹೇಗೆ ಇಟ್ಟು ಹೋಗುತ್ತಾಳೋ ಅದನ್ನು ನೋಡಿಯೇ ಹಿಂದೆ ಬಂದವಳು ಕಾಫಿಯೋ ಚಹಾವೋ ಹಾಲೋ ಎಂದು ತಿಳಿದು ಸುರಿಯುತ್ತಿದ್ದಳು. ರಾಟನ್‌ನಲ್ಲಿ ಕಲಿತವಳು ಮರುದಿನ ಇನ್ನೊಂದು ಊರಿನಲ್ಲಿ ತಡವರಿಸದೆ ಬಡಿಸಬಲ್ಲಳು. ಹೀಗಾಗಿ ಒಬ್ಬಳು ಹೋದರೂ ಹೋಟೆಲ್ ನಿಲ್ಲುತ್ತಿರಲಿಲ್ಲ. ಹೋಗುವವರನ್ನು ಪೂರ್ತಿ ತಡೆಯಲಾಗದು ಎಂಬುದನ್ನು ತಟ್ಟೆ ತೊಳೆದು ಬಂದ ಮನುಷ್ಯ ಬಲ್ಲವರಾಗಿದ್ದರು.

ಕರಾರಿನ ಇನ್ನೊಂದು ಮುಖ ಕಠಿಣವಾಗಿತ್ತು. ಆರು ತಿಂಗಳು, ಒಂಬತ್ತು ತಿಂಗಳು ಅಥವಾ ಒಂದು ವರ್ಷ ಮದುವೆಯಾಗುವಂತಿಲ್ಲ. ಆದರೆ ಸಂಬಳದ ಒಂದು ಭಾಗ ಮುಟ್ಟುಗೋಲು. ಹೆಣ್ಣುಮಕ್ಕಳೇ ವಿರಳವಾಗಿದ್ದ ಆ ಸೀಮೆಯಲ್ಲಿ ರೈಲಿನ ಚಾಲಕರು, ದನಗಾಹಿಗಳು, ಊರ ವ್ಯಾಪಾರಿಗಳು ದಿನಾ ಊಟಕ್ಕೆ ಬರುತ್ತಿದ್ದಾಗ ಈ ನಿಯಮ ಎಷ್ಟು ದಿನ ನಿಂತೀತು? ಕರಾರು ಮುಗಿದೊಡನೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಸಾವಿರಾರು ಮಂದಿ ಮದುವೆಯಾಗಿ ಅಲ್ಲೇ ನೆಲೆಯೂರಿದರು. ನೌಕರಿ ಬಿಡುವುದನ್ನು ದಂಡ ಹಾಕಿ ತಡೆಯಲು ಹೊರಟ ಹಾರ್ವೆ ಸೋತದ್ದು ಇಲ್ಲಿ ಮಾತ್ರ ಎಂದು ಈ ಬರಹಗಾರನ ಎಣಿಕೆ. ಆದರೂ ಹೋದವರ ಜಾಗಕ್ಕೆ ಅರ್ಜಿಗಳ ಕೊರತೆ ಬೀಳಲಿಲ್ಲ. ಒಳ್ಳೆಯ ಕೆಲಸವೆಂಬ ಮಾತು ಅಕ್ಕನಿಂದ ತಂಗಿಗೆ, ಗೆಳತಿಯಿಂದ ಗೆಳತಿಗೆ ಹರಡಿತ್ತು. ಒಟ್ಟಾರೆ ಸುಮಾರು ಒಂದು ಲಕ್ಷ ಮಹಿಳೆಯರು ಹಾರ್ವೆ ಗರ್ಲ್ಸ್ ಆಗಿ ದುಡಿದರೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು.

ಗಿರಾಕಿಯ ತಟ್ಟೆಯಲ್ಲಿ ಕಡಿತ ಮಾಡಿ ಹಣ ಉಳಿಸುವುದು ಹಾರ್ವೆಗೆ ಆಗದು. ಇತರೆಡೆ ಆರು ಹೋಳಾಗುತ್ತಿದ್ದ ಪೈ ಅವರಲ್ಲಿ ನಾಲ್ಕೇ ಹೋಳು. ನಷ್ಟವನ್ನು ತಗ್ಗಿಸಿದೆನೆಂದು ಹೆಮ್ಮೆಪಟ್ಟ ವ್ಯವಸ್ಥಾಪಕನನ್ನು ಅದೇ ಕಾರಣಕ್ಕೆ ಮನೆಗೆ ಕಳುಹಿಸಿದರೆಂಬ ಕಥೆಯೂ ಪ್ರಚಲಿತವಾಗಿದೆ. ದೇಹಸ್ಥಿತಿ ಮಾತ್ರ ಕೊನೆಯವರೆಗೂ ಅವರನ್ನು ಕಾಡಿತು. ಕರುಳಿನ ಕ್ಯಾನ್ಸರಿನಿಂದ ಬಳಲಿದ ಹಾರ್ವೆ 1901ರ ಫೆಬ್ರವರಿ 9ರಂದು ಲೆವೆನ್‌ವರ್ತ್‌ನಲ್ಲಿ ನಿಧನರಾದರು. ಆಗ ಅವರ ಹೆಸರಿನಲ್ಲಿ 47 ಉಪಾಹಾರ ಗೃಹಗಳು, 15 ಹೋಟೆಲುಗಳು, 30 ಊಟದ ಬೋಗಿಗಳು ನಡೆಯುತ್ತಿದ್ದವು.

ಮಗ ಫೋರ್ಡ್ ಹಾರ್ವೆ ಕಂಪೆನಿಯ ಹೆಸರನ್ನು ಬದಲಿಸಲಿಲ್ಲ. 1905ರಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಅಂಚಿನಲ್ಲಿ ಎಲ್ ಟೊವಾರ್ ಹೋಟೆಲ್ ತೆರೆಯಿತು. 1946ರಲ್ಲಿ ಜೂಡಿ ಗಾರ್ಲೆಂಡ್ ಅಭಿನಯದ ಚಲನಚಿತ್ರವೊಂದು ಹಾರ್ವೆ ಗರ್ಲ್ಸ್ ಹೆಸರನ್ನು ದೇಶದ ಮನೆಮಾತಾಗಿಸಿತು. ಅಷ್ಟರಲ್ಲಿ ಮೋಟಾರು ಕಾರು, ವಿಮಾನಗಳಿಂದಾಗಿ ರೈಲು ಪ್ರಯಾಣ ಇಳಿಮುಖವಾಗಿತ್ತು. 1968ರಲ್ಲಿ ಕಂಪೆನಿ ಮಾರಾಟವಾಯಿತು. ಅದಕ್ಕೂ ಮುನ್ನ, ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ರೈಲುಗಳು ಒಂದರ ಹಿಂದೊಂದು ಬಂದು ನಿಂತಾಗ ಊಟ ಬಡಿಸಲು ಕೈಗಳು ಸಾಲಲಿಲ್ಲ. ಹಿಂದೆ ದೂರ ಇಟ್ಟಿದ್ದ ಮೆಕ್ಸಿಕನ್ ಮೂಲದ ಹಾಗೂ ಮೂಲನಿವಾಸಿ ಯುವತಿಯರಿಗೆ ಕೆಲಸ ದೊರೆತ ಆ ದಿನಗಳಲ್ಲಿಯೇ, ಮದುವೆಯಾಗಿ ಬಿಟ್ಟುಹೋಗಿದ್ದ ಹಳೆಯ ಹಾರ್ವೆ ಗರ್ಲ್ಸ್‌ಗೂ ಮರಳಿ ಬರುವಂತೆ ಕಂಪೆನಿಯಿಂದ ಕರೆ ಹೋಯಿತು. ಅನೇಕರು ಏಪ್ರನ್ ಕಟ್ಟಿಕೊಂಡು ಬಂದರು.