ದಾದಿಯರ ತಾಯಿಯೂ ಕುರುಬನ ನಾಯಿಯೂ

ಪಳಗಿಸಿದ ನಾಯಿಗಳನ್ನು ವಿಶೇಷ ಮಕ್ಕಳ ಶಾಲೆಗಳಿಗೂ ವೃದ್ಧರಿರುವೆಡೆಗೂ ಕರೆದೊಯ್ದು, ಅಲ್ಲಿಯವರ ಪಕ್ಕದಲ್ಲಿ ಕುಳ್ಳಿರಿಸುವ ಪರಿಪಾಠವು ಈಚೆಗೆ ಪುಣೆ, ಮುಂಬಯಿಗಳಲ್ಲಿಯೂ ಕಾಣಬರುತ್ತಿದೆ. ಇದನ್ನು ಶ್ರೀಮಂತರ ಶೋಕಿಯೆಂದು ನಗುವವರುಂಟು. ಆದರೆ ಶುಶ್ರೂಷಾಶಾಸ್ತ್ರದಲ್ಲಿ ಈ ವಿಚಾರಕ್ಕೆ ಸ್ಥಾನ ಕೊಟ್ಟ ಮಹಿಳೆಯು ಶೋಕಿಯ ಜೀವನವನ್ನು ಒಲ್ಲೆನೆಂದು ಬಿಟ್ಟು ಬಂದವಳು. ಆಕೆಯೇ ಫ್ಲಾರೆನ್ಸ್ ನೈಟಿಂಗೇಲ್.

೧೮೨೦ನೆಯ ಮೇ ೧೨ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆಕೆಯ ಜನನ. ಹುಟ್ಟಿದೂರಿನ ಹೆಸರೇ ಆಕೆಯ ಹೆಸರಾಯಿತು. ತಂದೆ ಸಿರಿವಂತ ಇಂಗ್ಲಿಷ್ ಜಮೀನುದಾರ. ಹದಿನಾರು ಹದಿನೇಳರ ಪ್ರಾಯದಲ್ಲಿ ಒಮ್ಮೆ, ರೋಜರನೆಂಬ ಮುದಿ ಕುರುಬನು ನಾಯಿಯಿಲ್ಲದೆ ಕುರಿಗಳನ್ನು ಅಟ್ಟಲಾರದೆ ಪರದಾಡುವುದನ್ನು ಆಕೆ ಕಂಡಳು. ಅವನ ನಾಯಿ ಕ್ಯಾಪಿಗೆ ಹುಡುಗರು ಕಲ್ಲು ಹೊಡೆದು ಕಾಲು ಮುರಿದಿದ್ದರಂತೆ. ದುಡಿಯಲಾರದ ನಾಯಿಗೆ ಅನ್ನವಿಕ್ಕುವ ಶಕ್ತಿ ಆ ಬಡವನಿಗೆಲ್ಲಿಯದು? ಅದನ್ನು ನೇಣಿಗೆ ಹಾಕುವುದೆಂದು ನಿಶ್ಚಯಿಸಿದ್ದನು. ಆಕೆಯ ಜೊತೆಗಿದ್ದ ಪಾದ್ರಿಯು ಕಾಲನ್ನು ಮುಟ್ಟಿ ನೋಡಿ, ಎಲುಬು ಮುರಿದಿಲ್ಲ, ಪೆಟ್ಟಿಗೆ ಬಾತಿದೆಯಷ್ಟೆ, ಬಿಸಿನೀರಿನ ಶಾಖ ಸಾಕೆಂದನು. ಹುಡುಗಿ ತಾನೇ ಒಲೆ ಹೊತ್ತಿಸಿ, ಬಟ್ಟೆ ಹರಿದು, ಶಾಖ ಕೊಟ್ಟಳು. ಕೆಲವೇ ದಿನಗಳಲ್ಲಿ ಕ್ಯಾಪ್ ಮತ್ತೆ ಮಂದೆಯ ಹಿಂದೆ ಓಡಿತು. ಆಕೆಯ ಮೊದಲ ರೋಗಿ ಈ ನಾಯಿಯೇ ಎಂದು ಚರಿತ್ರಕಾರರು ಹೇಳುವುದುಂಟು.

ದೊಡ್ಡ ಮನೆತನದ ಹೆಣ್ಣು ದಾದಿಯಾಗುವುದೆಂದರೆ ಅಂದು ಮಾನಗೇಡು. ಮನೆಯವರ ವಿರೋಧವನ್ನು ವರ್ಷಗಟ್ಟಲೆ ಸಹಿಸಿ, ೧೮೫೧ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥಿನಲ್ಲಿ ಶುಶ್ರೂಷೆ ಕಲಿತಳು. ೧೮೫೪ರಲ್ಲಿ ೩೮ ಮಂದಿ ದಾದಿಯರೊಡನೆ ಸ್ಕುತಾರಿಯ ಸೈನಿಕ ಆಸ್ಪತ್ರೆಗೆ ಹೋದುದು, ರಾತ್ರಿ ದೀಪ ಹಿಡಿದು ಗಾಯಾಳುಗಳ ನಡುವೆ ಸುತ್ತಿದುದು ಶಾಲೆಯ ಮಕ್ಕಳಿಗೂ ಗೊತ್ತು.

ಹೆಚ್ಚಿನವರು ಅರಿಯದಿರುವುದು, ೧೮೫೯ರ ಆಕೆಯ ಶುಶ್ರೂಷಾ ಟಿಪ್ಪಣಿಗಳ ಪುಸ್ತಕದಲ್ಲಿನ ಒಂದು ಪುಟ್ಟ ವಿಚಾರ. ಗಾಳಿ, ಬೆಳಕು, ಪಥ್ಯ, ಹಾಸಿಗೆಗಳನ್ನು ಕುರಿತು ಹೇಳುತ್ತ, ಬಹುಕಾಲದ ರೋಗಿಗೆ ಚಿಕ್ಕ ಸಾಕುಪ್ರಾಣಿಯೊಂದು ಒಳ್ಳೆಯ ಸಂಗಾತಿಯಾಗಬಲ್ಲುದೆಂದು ಬರೆದಳು. ವರ್ಷಗಳಿಂದ ಒಂದೇ ಕೋಣೆಯಲ್ಲಿರುವವನಿಗೆ ಪಂಜರದ ಹಕ್ಕಿಯೊಂದೇ ಸಂತೋಷವಾಗಿರುವುದುಂಟು. ಪ್ರಾಣಿಗೆ ಉಣಿಸುವ, ಅದನ್ನು ಶುಚಿಯಾಗಿಡುವ ಕೆಲಸವನ್ನು ಸಾಧ್ಯವಾದರೆ ಅವನಿಗೇ ಬಿಡಬೇಕೆಂದಳು. ದಾದಿಯಿಂದಲೂ ನಾಯಿಯಿಂದಲೂ ಉಪಚಾರ ಪಡೆದ ರೋಗಿಯೊಬ್ಬನು ನಾಯಿಯನ್ನೇ ಮೆಚ್ಚಿದ ಸಂಗತಿಯೂ ಅಲ್ಲಿದೆ. ಮುಖ್ಯ ಕಾರಣ, ಅದು ಮಾತನಾಡುತ್ತಿರಲಿಲ್ಲ! ಪೊಳ್ಳು ಭರವಸೆ, ಬಿಟ್ಟಿ ಸಲಹೆ ಸುರಿಯುವ ಭೇಟಿಗಾರರ ಮೇಲೆ ಆಕೆಗೆ ಬಲು ಕೋಪ. ಮಂಚದ ಸುತ್ತ ನಮ್ಮವರೇ ಹತ್ತು ಮಂದಿ ನಿಂತು ಹತ್ತು ಕಷಾಯ ಹೇಳುವುದನ್ನು ಕಂಡವರಿಗೆ ಈ ಕೋಪ ಅರ್ಥವಾದೀತು. ಊರಿನಿಂದ ದೂರ, ಜೊತೆಗಾರರೆಲ್ಲ ಕೆಲಸಕ್ಕೆ ಹೋದ ಕೋಣೆಯಲ್ಲಿ ಜ್ವರ ಕಳೆದವರಿಗೆ ಆ ಪಂಜರದ ಹಕ್ಕಿಯೂ ಅರ್ಥವಾದೀತು.

ಹಾಗೆಂದು ಕಂಡ ನಾಯಿಯನ್ನೆಲ್ಲ ರೋಗಿಯ ಬಳಿಗೆ ಬಿಡುವಂತಿಲ್ಲ. ೧೯೭೬ರಲ್ಲಿ ಅಮೆರಿಕದ ಎಲೇನ್ ಸ್ಮಿತ್ ಎಂಬಾಕೆ, ಆಕೆಯೂ ದಾದಿಯೇ, ಇಂತಹ ನಾಯಿಗಳಿಗಾಗಿ ಸಂಸ್ಥೆಯೊಂದನ್ನು ಕಟ್ಟಿದಳು. ಇಂದು ಇದಕ್ಕೆ ಪರೀಕ್ಷೆಗಳಿವೆ. ಅಪರಿಚಿತರು ಕಿವಿ, ಬಾಲ ಮುಟ್ಟಿದರೂ ನಾಯಿ ಗುರುಗುಟ್ಟಬಾರದು. ಊರುಗೋಲು, ಗಾಲಿಕುರ್ಚಿ ಕಂಡು ಬೆದರಬಾರದು. ನೆಲಕ್ಕೆ ಬಿದ್ದ ತಿಂಡಿಗೆ ಬಾಯಿ ಹಾಕಬಾರದು. ಹಿಂದೆ ಪಾತ್ರೆ ಬಿದ್ದ ಸದ್ದಿಗೆ ಕಂಗೆಡಬಾರದು. (ಹೋಟೆಲಿನ ಅಡಿಗೆಮನೆಯಲ್ಲಿ ಒಂದು ವಾರವಿಟ್ಟರೆ ಈ ಕೊನೆಯ ಪಾಠ ತಾನಾಗಿ ಬಂದೀತು.) ಲಸಿಕೆ, ಸ್ನಾನ, ಉಗುರು ಕತ್ತರಿಸುವುದು ತಪ್ಪುವಂತಿಲ್ಲ. ನಾಯಿ ದಣಿದರೆ ಭೇಟಿ ಅಲ್ಲಿಗೆ ಮುಗಿಯಬೇಕು. ಜಾತಿಗಿಂತ ಸ್ವಭಾವವೇ ಇಲ್ಲಿ ದೊಡ್ಡದು.

ನೈಟಿಂಗೇಲಳು ಭಾರತಕ್ಕೆ ಬರಲೇ ಇಲ್ಲ. ಯುದ್ಧಭೂಮಿಯಲ್ಲಿ ತಗಲಿದ ಜ್ವರದ ತರುವಾಯ ಆರೋಗ್ಯ ಕೆಟ್ಟು, ೧೮೫೭ರಿಂದ ಬಹುಕಾಲ ಹಾಸಿಗೆ ಹಿಡಿದಳು. ಅಲ್ಲಿಂದಲೇ ಭಾರತದ ಸೈನ್ಯದ ಆರೋಗ್ಯವನ್ನು ಕುರಿತ ೧೮೬೩ರ ವರದಿಗೆ ದುಡಿದಳು. ನಮ್ಮ ಹಳ್ಳಿಗಳ ನೀರು, ಚರಂಡಿಗಳ ವಿಷಯವಾಗಿ ಪುಣೆಯ ಸಾರ್ವಜನಿಕ ಸಭೆಯೊಡನೆ ಪತ್ರವ್ಯವಹಾರ ನಡೆಸಿದಳು. ಬಾಲ್ಯದ ಕೆಲವು ವರ್ಷ ಬೆಳಗಾವಿಯಲ್ಲಿದ್ದು, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕೊರ್ನೇಲಿಯಾ ಸೊರಾಬ್ಜಿಗೆ, ಹೆಣ್ಣೆಂಬ ಕಾರಣಕ್ಕೆ ವಿದ್ಯಾರ್ಥಿವೇತನ ತಪ್ಪಿತು. ೧೮೮೯ರಲ್ಲಿ ಅವಳನ್ನು ಆಕ್ಸ್‌ಫರ್ಡಿಗೆ ಕಳುಹಿಸಲು ಕೂಡಿಸಿದ ನಿಧಿಗೆ ಹಣ ಕೊಟ್ಟವರಲ್ಲಿ ಈ ರೋಗಿಯೂ ಒಬ್ಬಳು.

ಆ ದೀರ್ಘ ಶಯ್ಯೆಯಲ್ಲಿ ತನ್ನ ಪುಸ್ತಕದ ಮಾತನ್ನು ಆಕೆ ತಾನೇ ನಡೆಸಿದಳು. ಸಂಗಾತಿಗಳಾಗಿ ಬೆಕ್ಕುಗಳಿದ್ದವು, ಒಂದರ ಹೆಸರು ಬಿಸ್ಮಾರ್ಕ್. ಮನುಷ್ಯರನ್ನು ಒಮ್ಮೆಗೆ ಒಬ್ಬರಂತೆ ಮಾತ್ರ ಒಳಗೆ ಬಿಡುತ್ತಿದ್ದಳು. ಕಡೆಗೆ ಕಣ್ಣೂ ಹೋಯಿತು. ೧೯೧೦ನೆಯ ಆಗಸ್ಟ್ ೧೩ರಂದು, ತೊಂಬತ್ತರ ವಯಸ್ಸಿನಲ್ಲಿ, ಲಂಡನ್ನಿನ ತನ್ನ ಮನೆಯಲ್ಲಿ ತೀರಿಕೊಂಡಳು.