ಕ್ಷ-ಕಿರಣಕ್ಕೆ ಕೈಯಿತ್ತ ದಂತವೈದ್ಯ: ಎಡ್ಮಂಡ್ ಕೆಲ್ಸ್

ಹಲ್ಲುನೋವೆಂದು ಸಿದ್ದಾಪುರದಿಂದ ಗಂಗಾವತಿಗೆ ಹೋದವನ ಬಾಯೊಳಗೆ ದಂತವೈದ್ಯರು ಹೆಬ್ಬೆರಳಗಲದ ಚಪ್ಪಟೆ ತುಣುಕೊಂದನ್ನು ಇರಿಸಿ, ತಾವು ದೂರ ಸರಿದು ಗುಂಡಿಯನ್ನೊತ್ತುತ್ತಾರೆ. ಕೆಲವೇ ಕ್ಷಣಗಳಲ್ಲಿ ಹಲ್ಲಿನ ಬೇರು, ದವಡೆಯ ಎಲುಬು, ಒಳಗೆ ಅಡಗಿದ ಹುಳುಕು ಗಣಕಯಂತ್ರದ ತೆರೆಯ ಮೇಲೆ ಮೂಡುತ್ತವೆ. ಇಷ್ಟು ಸುಲಭವಾಗಿ ದೊರೆಯುವ ಈ ಚಿತ್ರದ ಹಿಂದೆ ತನ್ನ ಕೈಯನ್ನೇ ತೆತ್ತ ವೈದ್ಯನೊಬ್ಬನಿದ್ದಾನೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಚಾರ್ಲ್ಸ್ ಎಡ್ಮಂಡ್ ಕೆಲ್ಸನೇ ಆತನು.

ಕೆಲ್ಸನು ಜನಿಸಿದ್ದು 1856ರಲ್ಲಿ. ತಂದೆಯೂ ದಂತವೈದ್ಯನಾಗಿದ್ದುದರಿಂದ ಅದು ಮನೆತನದ ಕಾಯಕವೇ ಆಗಿತ್ತು. ನ್ಯೂಯಾರ್ಕಿನಲ್ಲಿ ವ್ಯಾಸಂಗ ಮಾಡಿ 1878ರಲ್ಲಿ ಪದವಿ ಪಡೆದು ಊರಿಗೆ ಮರಳಿದನು. ವಿದ್ಯುಚ್ಛಕ್ತಿಯಲ್ಲಿ ಆತನಿಗೆ ಅಪಾರ ಕುತೂಹಲ; ತನ್ನ ಚಿಕಿತ್ಸಾಲಯದಲ್ಲಿ ಅದನ್ನು ಬಗೆಬಗೆಯಾಗಿ ಬಳಸಿದನು. ಶಸ್ತ್ರಚಿಕಿತ್ಸೆಯ ವೇಳೆ ರಕ್ತವನ್ನು ಹೀರಿ ತೆಗೆಯುವ ಯಂತ್ರವೂ ಆತನ ಕಲ್ಪನೆಯೇ. 1885ರಲ್ಲಿ ಮಹಿಳೆಯೊಬ್ಬಳನ್ನು ಸಹಾಯಕಿಯಾಗಿ ನೇಮಿಸಿದ್ದು ಆ ಕಾಲಕ್ಕೆ ಹೊಸ ಹೆಜ್ಜೆ. ಅದರಿಂದ ಹೆಂಗಸರು ಸಂಕೋಚವಿಲ್ಲದೆ ಚಿಕಿತ್ಸೆಗೆ ಬರುವಂತಾಯಿತು.

1895ರ ನವೆಂಬರಿನಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದನು. ಅದಕ್ಕೆ ಪೇಟೆಂಟ್ ಪಡೆಯದೆ ಲೋಕಕ್ಕೇ ಬಿಟ್ಟುಕೊಟ್ಟಿದ್ದು ಆ ಮಹಾನುಭಾವನ ದೊಡ್ಡತನ. ಕೆಲವೇ ವಾರಗಳಲ್ಲಿ ಅದೇ ದೇಶದ ಒಟ್ಟೊ ವಾಲ್ಕಾಫ್ ತನ್ನ ಹಲ್ಲುಗಳ ಚಿತ್ರವನ್ನು ತೆಗೆಸಿದನು. ಅದಕ್ಕಾಗಿ 25 ನಿಮಿಷ ಅಲುಗದೆ ಇರಬೇಕಾಯಿತು. ಕೆಲ್ಸನೂ ಸುಮ್ಮನೆ ಕೂರಲಿಲ್ಲ. ಉಪಕರಣಗಳನ್ನು ತರಿಸಿಕೊಂಡು, ಫಿಲ್ಮನ್ನು ಬಾಯೊಳಗೆ ಹಿಡಿದಿಡುವ ಹಿಡಿಕೆಯನ್ನು ತಾನೇ ರೂಪಿಸಿ, 1896ರ ಜುಲೈ ತಿಂಗಳಲ್ಲಿ ಆಶ್‌ವಿಲ್ ಎಂಬಲ್ಲಿ ಸೇರಿದ್ದ ದಂತವೈದ್ಯರ ಸಭೆಯಲ್ಲಿ ಈ ವಿದ್ಯೆಯನ್ನು ಪ್ರದರ್ಶಿಸಿದನು. 1899ರಲ್ಲಿ ಬೇರಿನ ನಾಳದೊಳಗೆ ಸೀಸದ ತಂತಿಯನ್ನಿಳಿಸಿ ಚಿತ್ರ ತೆಗೆದು, ನಾಳದ ಉದ್ದವನ್ನು ಅಳೆಯುವ ಉಪಾಯವನ್ನೂ ತೋರಿಸಿದನು. ಬೇರುನಾಳದ ಚಿಕಿತ್ಸೆಯಲ್ಲಿ ಇಂದಿಗೂ ಈ ಅಳತೆಯಿಲ್ಲದೆ ಕೆಲಸ ಸಾಗದು.

ಆದರೆ ಅಂದಿನ ಗಾಜಿನ ಕೊಳವೆಗಳು ಒಂದು ದಿನವಿದ್ದಂತೆ ಮರುದಿನ ಇರುತ್ತಿರಲಿಲ್ಲ. ಒಳಗಿನ ಅನಿಲದ ಒತ್ತಡ ವ್ಯತ್ಯಾಸವಾದಂತೆ ಕಿರಣದ ತೀಕ್ಷ್ಣತೆಯೂ ಬದಲಾಗುತ್ತಿತ್ತು. ಚಿತ್ರ ತೆಗೆಯುವ ಮುನ್ನ ಕೊಳವೆಯನ್ನು ಹದಕ್ಕೆ ತರಬೇಕು. ಅದಕ್ಕಿದ್ದ ಉಪಾಯವೊಂದೇ: ವೈದ್ಯನು ತನ್ನ ಕೈಯನ್ನು ಕಿರಣಕ್ಕೆ ಅಡ್ಡಹಿಡಿದು, ಬೆರಳಿನ ಎಲುಬುಗಳು ಹೊಳೆಯುವ ಫಲಕದ ಮೇಲೆ ಸ್ಪಷ್ಟವಾಗುವವರೆಗೆ ಕಾಯುವುದು. ಒಬ್ಬೊಬ್ಬ ರೋಗಿಗೂ ಒಮ್ಮೆ, ದಿನಕ್ಕೆ ಹಲವು ಸಲ, ವರ್ಷಾನುಗಟ್ಟಲೆ ಕೆಲ್ಸನು ಹೀಗೆ ಕೈಯೊಡ್ಡಿದನು. ಅಲ್ಲಲ್ಲಿ ಸುಟ್ಟ ಗಾಯಗಳ ಸುದ್ದಿ ಬರುತ್ತಿತ್ತಾದರೂ ಅದು ವಿದ್ಯುತ್ತಿನ ದೋಷವೆಂದೇ ಹಲವರು ಬಗೆದಿದ್ದರು. ಕಣ್ಣಿಗೆ ಕಾಣದ್ದು, ಮುಟ್ಟಿದಾಗ ನೋಯದ್ದು ಕೊಲ್ಲಬಲ್ಲುದೆಂದು ಯಾರು ತಾನೆ ನಂಬಿಯಾರು!

ವಿಷವು ತಡವಾಗಿ ಏರಿತು. ಕೈಯ ಚರ್ಮ ಕೆಟ್ಟು ಅರ್ಬುದವಾಯಿತು. ಮೊದಲು ಬೆರಳುಗಳು ಹೋದವು, ಬಳಿಕ ಹಸ್ತ, ಕಡೆಗೆ ತೋಳು. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಆತನು ಸಹಿಸಿದನು. ಆ ನಡುವೆಯೂ ಲೇಖನಿಯನ್ನು ಕೆಳಗಿಡಲಿಲ್ಲ. ಕ್ಷ-ಕಿರಣ ಚಿತ್ರದಲ್ಲಿ ಕಂಡ ನೆರಳನ್ನೆಲ್ಲ ರೋಗವೆಂದು ಎಣಿಸಿ, ಆರೋಗ್ಯವಾದ ಹಲ್ಲುಗಳನ್ನೂ ಕಿತ್ತುಹಾಕುವ ಹುಚ್ಚು ಆಗ ಹಬ್ಬಿತ್ತು. ಆ ವಿದ್ಯೆಯನ್ನು ತಂದವನೇ ಅದರ ದುರ್ಬಳಕೆಯನ್ನು ಉಗ್ರವಾಗಿ ಖಂಡಿಸಿದನು. ಆತನ ಕೆಲಸಗಳಲ್ಲಿ ಇದೇ ಹೆಚ್ಚಿನದೆಂದರೂ ಸಲ್ಲುತ್ತದೆ. 1926ರಲ್ಲಿ ಆತ್ಮಕಥನವೂ ಪ್ರಕಟವಾಯಿತು. ತನ್ನ ದುರ್ದೆಸೆಗಾಗಿ ಗೊಣಗುವುದಿಲ್ಲವೆಂದೂ, ಈ ಕಿರಣದಿಂದ ನಿತ್ಯವೂ ಉಪಕೃತರಾಗುತ್ತಿರುವ ಸಾವಿರಾರು ರೋಗಿಗಳನ್ನು ನೆನೆದು ಸಮಾಧಾನಪಡುವೆನೆಂದೂ ಬರೆದನು. ಆದರೆ ಬಾಧೆ ಮಿತಿಮೀರಿತು. 1928ರ ಮೇ 7ರಂದು ತನ್ನ ಜೀವವನ್ನು ತಾನೇ ಕಳೆದುಕೊಂಡನು.

1987ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಮುಯೆನ್ ಫಿಲ್ಮಿನ ಬದಲು ಸೆನ್ಸರ್ ಎಂಬ ಸಾಧನವನ್ನು ಬಳಸುವ ಡಿಜಿಟಲ್ ವಿಧಾನವನ್ನು ಪರಿಚಯಿಸಿದನು. ಫಿಲ್ಮನ್ನು ತೊಳೆಯುವ ಕತ್ತಲೆಕೋಣೆ ಬೇಡವಾಯಿತು. ಬೇಕಾಗುವ ಕಿರಣವೂ ಬಹಳಷ್ಟು ಕಡಿಮೆಯಾಯಿತು. ವಾಲ್ಕಾಫನ 25 ನಿಮಿಷಗಳ ಕೆಲಸವೀಗ ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮುಗಿಯುತ್ತದೆ. ಆದರೂ ಅಗತ್ಯವಿಲ್ಲದೆ ಚಿತ್ರ ತೆಗೆಯಬಾರದೆಂಬುದೂ, ರೋಗಿಯ ಬಾಯೊಳಗಿನ ಸೆನ್ಸರನ್ನು ವೈದ್ಯನು ತನ್ನ ಬೆರಳಿನಿಂದ ಹಿಡಿಯಕೂಡದೆಂಬುದೂ ಇಂದಿನ ದಂತವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವ ನಿಯಮಗಳು.