ಭಾಭಾ, ಮೆಹೆರ್‌ಬಾಯಿ ಅತ್ತೆ ಮತ್ತು ಒಂದು ಆಸ್ಪತ್ರೆ

ಹೋಮಿ ಭಾಭಾ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ರಿಯಾಕ್ಟರ್, ಇಲ್ಲಾಂದ್ರೆ ಬಾಂಬು. ಕ್ಯಾನ್ಸರ್ ಆಸ್ಪತ್ರೆ ನೆನಪಾಗೋದು ಕಡಿಮೆ. ಆದರೆ ಆ ಕಥೆಗೆ ನಮ್ಮ ಮೈಸೂರಿನ ನಂಟೂ ಇದೆ.

ಭಾಭಾ ಹುಟ್ಟಿದ್ದು 1909ರಲ್ಲಿ, ಮುಂಬೈಯಲ್ಲಿ. ಅವರ ಅಜ್ಜ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು. ಅಜ್ಜನ ಮಗಳು ಮೆಹೆರ್‌ಬಾಯಿ, ಅಂದ್ರೆ ಹೋಮಿಯ ಸೋದರತ್ತೆ, ದೊರಾಬ್ಜಿ ಟಾಟಾರನ್ನು ಮದುವೆಯಾದರು. 1927ರಲ್ಲಿ ಹೋಮಿ ಕೇಂಬ್ರಿಡ್ಜ್‌ಗೆ ಹೋದದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದೋಕೆ. ಮುಗಿಸಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಅಂತ ಮನೆಯವರ ಆಸೆ. (ನಮ್ಮ ಕ್ಲಾಸಿನ ಅರ್ಧ ಜನಕ್ಕೆ ಇಲ್ಲಿ ತಮ್ಮ ಮನೆಯೇ ನೆನಪಾಗಬಹುದು.) ಅವರಿಗೆ ಬೇಕಾಗಿದ್ದು ಫಿಸಿಕ್ಸ್. ಮೊದಲು ಎಂಜಿನಿಯರಿಂಗ್‌ನಲ್ಲಿ ಫಸ್ಟ್ ಕ್ಲಾಸ್ ತರಬೇಕು ಅಂತ ಅಪ್ಪ ಷರತ್ತು ಹಾಕಿದರು. 1930ರಲ್ಲಿ ತಂದರು.

ಮರುವರ್ಷ ಮೆಹೆರ್‌ಬಾಯಿ ರಕ್ತದ ಕ್ಯಾನ್ಸರ್‌ನಿಂದ ಬ್ರಿಟನ್ನಿನಲ್ಲಿ ತೀರಿಕೊಂಡರು. 1932ರಲ್ಲಿ ದೊರಾಬ್ಜಿಯೂ ಹೋದರು. ಅವರ ಟ್ರಸ್ಟಿನ ಹಣದಿಂದ 1941ರಲ್ಲಿ ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಶುರುವಾಯ್ತು. ಆಗ ಹೋಮಿ, ಯುದ್ಧದಿಂದಾಗಿ ಕೇಂಬ್ರಿಡ್ಜ್‌ಗೆ ವಾಪಸ್ ಹೋಗೋಕಾಗದೆ, ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದರು. 1944ರಲ್ಲಿ ಅದೇ ಟ್ರಸ್ಟಿಗೆ ಪತ್ರ ಬರೆದು ಒಂದು ಸಂಶೋಧನಾ ಸಂಸ್ಥೆ ಕೇಳಿದರು. ಟಿಐಎಫ್‌ಆರ್ ಹುಟ್ಟಿದ್ದು ಹಾಗೆ.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆಯ್ತು. ಇದು ಯಾಕೆ ಮುಖ್ಯ ಅಂದ್ರೆ, ದೇಹದೊಳಗೆ, ಗಡ್ಡೆಯ ಪಕ್ಕದಲ್ಲೇ ವಿಕಿರಣದ ಮೂಲ ಇಟ್ಟು ಮಾಡೋ ಚಿಕಿತ್ಸೆಗೆ, ಅಂದ್ರೆ ಬ್ರಾಕಿಥೆರಪಿಗೆ, ಮೊದಲು ಇದ್ದದ್ದು ಮುಖ್ಯವಾಗಿ ರೇಡಿಯಂ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಸೂಜಿ ಬಿರುಕು ಬಿಟ್ಟರೆ ರೇಡಾನ್ ಗ್ಯಾಸ್ ಸೋರುತ್ತೆ. ರಿಯಾಕ್ಟರ್ ಇದ್ದರೆ ಬೇಕಾದ ಮೂಲವನ್ನು ನಾವೇ ತಯಾರಿಸಬಹುದು: ಇರಿಡಿಯಂ ಲೋಹವನ್ನು ನ್ಯೂಟ್ರಾನ್‌ಗಳ ನಡುವೆ ಇಟ್ಟರೆ ಇರಿಡಿಯಂ-192 ಆಗುತ್ತೆ. ಅದರ ಅರ್ಧಾಯುಷ್ಯ ಬರೀ 74 ದಿನ. ಅಂದ್ರೆ ಆಸ್ಪತ್ರೆಗೆ ಕೆಲವು ತಿಂಗಳಿಗೊಮ್ಮೆ ಹೊಸ ಮೂಲ ಬರ್ತಾನೇ ಇರಬೇಕು. ಕಾಪು, ಕಾರ್ಕಳದಿಂದ ಗರ್ಭಕಂಠದ ಕ್ಯಾನ್ಸರ್ ಅಂತ ಮಣಿಪಾಲಕ್ಕೆ ಬಸ್ ಹತ್ತೋ ಹೆಂಗಸಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ, ಆದರೆ ಅವಳ ಚಿಕಿತ್ಸೆ ಇದರ ಮೇಲೇ ನಿಂತಿರುತ್ತೆ.

1962ರಲ್ಲಿ ಟಾಟಾ ಮೆಮೋರಿಯಲ್ ಅಣುಶಕ್ತಿ ಇಲಾಖೆಗೆ ಸೇರಿತು. ಅತ್ತೆಯ ನೆನಪಿನ ಆಸ್ಪತ್ರೆ ಸೋದರಳಿಯನ ಇಲಾಖೆಗೇ ಬಂತು! ರಿಯಾಕ್ಟರ್ ನಡೆಸೋರೂ ರೋಗಿ ನೋಡೋರೂ ಒಂದೇ ಸೂರಿನಡಿ ಬಂದದ್ದು, ನನ್ನ ಪ್ರಕಾರ, ಭಾಭಾ ಕಾಲದ ದೊಡ್ಡ ಕೆಲಸಗಳಲ್ಲೊಂದು.

1966ರ ಜನವರಿ 24ರಂದು ಅವರಿದ್ದ ಏರ್ ಇಂಡಿಯಾ ವಿಮಾನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. ವಯಸ್ಸು 56. ಈಗ ಅವರ ಹೆಸರಿನ ಕೇಂದ್ರ, ಬಿಎಆರ್‌ಸಿ, ಅಣು ತ್ಯಾಜ್ಯದಿಂದ ರುಥೇನಿಯಂ-106 ಬೇರ್ಪಡಿಸಿ ಕಣ್ಣಿನ ಕ್ಯಾನ್ಸರ್‌ಗೆ ನಾಣ್ಯದಷ್ಟು ಚಿಕ್ಕ ಬಿಲ್ಲೆ ಮಾಡುತ್ತೆ. ಅದನ್ನು ಕಣ್ಣುಗುಡ್ಡೆಗೆ ಹೊಲಿದು, ಲೆಕ್ಕ ಹಾಕಿದಷ್ಟು ಹೊತ್ತು ಬಿಟ್ಟು, ತೆಗೀತಾರೆ.